ಪೊಲೀಸರೇ ಇಲ್ಲದ ಕಾನೂನು ಓದಿ ಏನು ಮಾಡೋದು?

ಪ್ರಶ್ನೆ: ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ಅಂತಾರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನಿನಲ್ಲಿ ಎಲ್‌ಎಲ್‌ಎಂ ಮಾಡುವ ಆಸೆ. ನಮ್ಮ ಸೀನಿಯರ್ ವಕೀಲರು ನಗುತ್ತಾರೆ. ‘ಹಿಡಿಯೋಕೆ ಪೊಲೀಸರಿಲ್ಲ, ಹಾಕೋಕೆ ಜೈಲಿಲ್ಲ, ಅದೆಂಥ ಕಾನೂನು’ ಅಂತಾರೆ. ನಿಜವೇ?
– ಓದುಗ, ಹುಬ್ಬಳ್ಳಿ

ಉತ್ತರ: ಅರ್ಧ ನಿಜ. ಉಳಿದರ್ಧಕ್ಕೆ ಹಿಸೇನ್ ಹಬ್ರೆಯ ಕೇಸು ಓದಿ. ಈತ 1982ರಿಂದ 1990ರವರೆಗೆ ಆಫ್ರಿಕಾದ ಚಾಡ್ ದೇಶವನ್ನು ಆಳಿದವನು. ಅಧಿಕಾರ ಹೋದ ಮೇಲೆ ಸೆನೆಗಲ್‌ಗೆ ಓಡಿಹೋಗಿ ಡಾಕರ್ ಊರಲ್ಲಿ ಆರಾಮಾಗಿದ್ದ. ಅವನ ಜೈಲಿನಿಂದ ಜೀವಂತ ಹೊರಬಂದ ಸುಲೇಮಾನ್ ಗೆಂಗೆಂಗ್ ಎಂಬವರು ಸುಮ್ಮನೆ ಕೂರಲಿಲ್ಲ. ತಮ್ಮಂತೆ ನೊಂದ 792 ಮಂದಿಯ ಹೇಳಿಕೆ ಕಲೆಹಾಕಿ, ವರ್ಷಗಟ್ಟಲೆ ಬಚ್ಚಿಟ್ಟುಕೊಂಡರು.

2000ದಲ್ಲಿ ಡಾಕರ್‌ನಲ್ಲೇ ಹಬ್ರೆ ಮೇಲೆ ಚಿತ್ರಹಿಂಸೆಯ ದೂರು ಬಿತ್ತು. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದವನ್ನು ಸೆನೆಗಲ್ 1986ರಲ್ಲೇ ಅನುಮೋದಿಸಿತ್ತು. ಆದರೂ 2001ರಲ್ಲಿ ಅಲ್ಲಿನ ಕೋರ್ಟು, ಬೇರೆ ದೇಶದಲ್ಲಿ ನಡೆದ ಹಿಂಸೆಯನ್ನು ವಿಚಾರಿಸಲು ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಕೈತೊಳೆದುಕೊಂಡಿತು. ನಿಮ್ಮ ಸೀನಿಯರ್ ಇಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತಾರೆ ಅನಿಸುತ್ತೆ!

ಅದೇ ವರ್ಷ ಚಾಡ್‌ನ ಹಳೇ ಗುಪ್ತ ಪೊಲೀಸ್ ಕಚೇರಿಯಲ್ಲಿ, ನೆಲದ ಮೇಲೆ ಚೆಲ್ಲಾಡಿ ಬಿದ್ದಿದ್ದ ಸಾವಿರಾರು ಕಾಗದಗಳು ಸಿಕ್ಕವು. ಬಂಧನದಲ್ಲಿ ಸತ್ತ 1,208 ಜನರ ಲೆಕ್ಕ ಅವುಗಳಲ್ಲಿತ್ತು, ಅದೂ ಪೊಲೀಸರೇ ಬರೆದಿಟ್ಟಿದ್ದು. ನೊಂದವರಲ್ಲಿ ಕೆಲವರು ಬೆಲ್ಜಿಯಂನಲ್ಲೂ ದೂರು ಕೊಟ್ಟಿದ್ದರು. ಆ ದೇಶ ಸೆನೆಗಲ್ ವಿರುದ್ಧ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2012ರ ಜುಲೈನಲ್ಲಿ ತೀರ್ಪು ಬಂತು: ಒಪ್ಪಂದದ ಪ್ರಕಾರ ಒಂದೋ ನೀವೇ ವಿಚಾರಣೆ ಮಾಡಿ, ಇಲ್ಲವೇ ವಿಚಾರಣೆ ಮಾಡುವ ದೇಶಕ್ಕೆ ಒಪ್ಪಿಸಿ. ಅಷ್ಟರಲ್ಲಿ ಸೆನೆಗಲ್ ತನ್ನ ಕಾನೂನಿಗೂ ತಿದ್ದುಪಡಿ ತಂದಿತ್ತು. 2013ರಲ್ಲಿ ಹಬ್ರೆಯನ್ನು ಹಿಡಿದವರು ಸೆನೆಗಲ್ ಪೊಲೀಸರು, ಹಾಕಿದ್ದು ಡಾಕರ್‌ನ ಜೈಲಿಗೆ. 2016ರಲ್ಲಿ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು, 2021ರಲ್ಲಿ ಶಿಕ್ಷೆ ಅನುಭವಿಸುತ್ತಲೇ ತೀರಿಕೊಂಡ. ಪರಿಹಾರದ ದುಡ್ಡು ಮಾತ್ರ ತೀರ್ಪಿನ ನಂತರವೂ ವರ್ಷಗಟ್ಟಲೆ ನೊಂದವರ ಕೈಗೆ ಬರಲಿಲ್ಲ, ಅದನ್ನೂ ಹೇಳಬೇಕು.

ಅಂದರೆ ಜಾರಿ ಆಗೋದು ಕೊನೆಗೆ ಆಯಾ ದೇಶದ ಕೋರ್ಟು, ಠಾಣೆಗಳ ಮೂಲಕವೇ. ನಮ್ಮಲ್ಲೂ ಹಾಗೇ. ಭಾರತ ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದ್ದು ಬಿಟ್ಟರೆ ಅನುಮೋದಿಸಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದಕ್ಕೆ 1979ರಲ್ಲೇ ಸೇರಿದೆ, ಆದರೆ ವೈಯಕ್ತಿಕ ದೂರಿನ ವ್ಯವಸ್ಥೆಯನ್ನು ಒಪ್ಪದ ಕಾರಣ ನೀವು ನಾನು ಅದರ ಸಮಿತಿಗೆ ದೂರು ಒಯ್ಯುವಂತಿಲ್ಲ. ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಹಿಳೆಯರ ಕುರಿತ ಅಂತಾರಾಷ್ಟ್ರೀಯ ಒಪ್ಪಂದವನ್ನು ಆಧಾರವಾಗಿಟ್ಟುಕೊಂಡೇ ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ಮಾರ್ಗಸೂಚಿ ಕೊಟ್ಟಿತು, ಸಂಸತ್ತು ಕಾಯ್ದೆ ಮಾಡಿದ್ದು 2013ರಲ್ಲಿ.

ಹಾಗಾಗಿ ಎಲ್‌ಎಲ್‌ಎಂ ಮಾಡಿ, ಆದರೆ ಮೊದಲು ಒಂದೆರಡು ವರ್ಷ ಕೆಳಗಿನ ಕೋರ್ಟಿನಲ್ಲಿ ಅಫಿಡವಿಟ್, ಸಾಕ್ಷಿ, ಜಾಮೀನು ಅಂತ ಓಡಾಡಿ. ಒಪ್ಪಂದದ ಕಲಮುಗಳನ್ನು ಬಾಯಿಪಾಠ ಮಾಡಿದವರು ಬೇಕಾದಷ್ಟು ಸಿಗುತ್ತಾರೆ. ಗೆಂಗೆಂಗ್ ಥರ ಹೇಳಿಕೆಗಳನ್ನು ಕೋರ್ಟಿಗೆ ನಿಲ್ಲುವಂತೆ ಬರೆದುಕೊಳ್ಳಬಲ್ಲವರು ಕಡಿಮೆ. ಜೊತೆಗೆ ಫ್ರೆಂಚ್ ಕಲಿಯಿರಿ. ಹೇಗ್‌ನ ಆ ನ್ಯಾಯಾಲಯ, ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಎರಡೂ ನಡೆಯೋದು ಇಂಗ್ಲಿಷ್, ಫ್ರೆಂಚ್‌ನಲ್ಲಿ. 2012ರ ಆ ತೀರ್ಪು ಹೇಗ್ ನ್ಯಾಯಾಲಯದ ಜಾಲತಾಣದಲ್ಲಿ ಎರಡೂ ಭಾಷೆಯಲ್ಲಿ ಪುಕ್ಕಟೆ ಸಿಗುತ್ತದೆ, ಈ ವಾರವೇ ಶುರು ಮಾಡಿ. ಒಂದು ಪ್ರತಿ ಸೀನಿಯರ್ ಟೇಬಲ್ ಮೇಲೂ ಇಡಿ.