ಪಲೆರ್ಮೊದಲ್ಲಿ ಮೂರು ದಿನ: ಶಾಕಾಹಾರಿಯೊಬ್ಬರು ಏನು ನೋಡಬಹುದು, ಏನು ತಿನ್ನಬಹುದು?

ಡಿಸೆಂಬರ್ ಎರಡನೆಯ ವಾರದಲ್ಲಿ ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ಮೂರು ದಿನ ಇರುವುದಾಗಿಯೂ, ತಾವು ಶಾಕಾಹಾರಿಯೆಂದೂ ತಿಳಿಸಿ, ಅಲ್ಲಿನ ನೋಟ, ಊಟ, ರೂಢಿಗಳ ಬಗ್ಗೆ ಕೇಳಿದ್ದೀರಿ. ನಾನು ಆ ಊರಿನಲ್ಲಿ ಎರಡು ವರ್ಷ, ಬಲ್ಲರೊ ಸಂತೆಯ ಹಿಂದಿನ ಓಣಿಯೊಂದರಲ್ಲಿ ವಾಸವಾಗಿದ್ದೆ. ನಿಮ್ಮ ಮೂರು ದಿನಗಳಲ್ಲಿ 13ನೆಯ ತಾರೀಖು ಸೇರುವಂತೆ ನೋಡಿಕೊಳ್ಳಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲ ದಿನ ಬೆಳಿಗ್ಗೆಯೇ ಉತ್ತರ ಫ್ರಾನ್ಸಿನ ಕಡೆಯಿಂದ ಬಂದು ಸಿಸಿಲಿಯನ್ನು ಗೆದ್ದ ನಾರ್ಮನ್ನರ ಅರಮನೆಯೊಳಗಿನ ಪಲಟೀನಾ ಪ್ರಾರ್ಥನಾಮಂದಿರಕ್ಕೆ ಹೋಗಿ. 1130ರಲ್ಲಿ ಪಟ್ಟವೇರಿದ ದೊರೆ ಎರಡನೆಯ ರೊಜರ್ 1132ರಲ್ಲಿ ಇದನ್ನು ಕಟ್ಟಿಸತೊಡಗಿದ. ಪಟ್ಟದಕಲ್ಲಿನ ಒಂದೇ ಅಂಗಳದಲ್ಲಿ ನಾಗರ ಮತ್ತು ದ್ರಾವಿಡ ಶೈಲಿಯ ಗುಡಿಗಳು ಅಕ್ಕಪಕ್ಕ ನಿಂತಿರುವುದನ್ನು ನಾವು ಕಂಡಿದ್ದೇವೆ. ಇಲ್ಲಿ ಎರಡು ಲೋಕಗಳು ಒಂದೇ ಕೋಣೆಯಲ್ಲಿವೆ. ಗೋಡೆಯ ಮೇಲೆ ಬೈಜಾಂಟೈನ್ ಎಂಬ ಗ್ರೀಕ್ ಕ್ರೈಸ್ತ ಸಾಮ್ರಾಜ್ಯದ ಕುಶಲಿಗಳು ಚಿನ್ನದ ಹರಳುಗಳಲ್ಲಿ ಮೂಡಿಸಿದ ಕ್ರಿಸ್ತನಿದ್ದಾನೆ. ಕತ್ತೆತ್ತಿದರೆ, ಜೇನುಗೂಡಿನಂತೆ ಕಡೆದ ಮರದ ಚಾವಣಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ ವಾದ್ಯಗಾರರು, ಬಟ್ಟಲು ಹಿಡಿದವರು, ಅರಬ್ಬಿ ಬರಹ. ಪಲೆರ್ಮೊ 831ರಿಂದ 1072ರವರೆಗೆ ಮುಸ್ಲಿಮರ ಆಳ್ವಿಕೆಯಲ್ಲಿತ್ತು ಎಂಬುದು ನೆನಪಿದ್ದರೆ ಇದರ ಗುಟ್ಟು ತಿಳಿಯುತ್ತದೆ.

ಶಾಸನಗಳಲ್ಲಿ ಆಸಕ್ತಿಯಿದ್ದರೆ ಜೀಸಾ ಎಂಬ ಬೇಸಿಗೆಯರಮನೆಯನ್ನು ತಪ್ಪಿಸಬೇಡಿ. ಅಲ್ಲಿರುವ 1149ರ ಒಂದು ಸಮಾಧಿಶಾಸನವನ್ನು ರೊಜರನ ಪಾದ್ರಿಯೊಬ್ಬ ತನ್ನ ತಾಯಿ ಆನ್ನಾಳಿಗಾಗಿ ಬರೆಸಿದ್ದಾನೆ: ಹೀಬ್ರೂ ಲಿಪಿಯ ಅರಬ್ಬಿ, ಲ್ಯಾಟಿನ್, ಗ್ರೀಕ್ ಮತ್ತು ಅರಬ್ಬಿ, ಹೀಗೆ ನಾಲ್ಕು ಬಗೆಯಲ್ಲಿ ಒಬ್ಬಳೇ ತಾಯಿಯ ಸಾವಿನ ಸುದ್ದಿ. ಮೂರೂ ದಿನಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸುವ ಕಲ್ಲು ಅದೇ. ಎರಡನೆಯ ದಿನದ ಅರ್ಧವನ್ನು, ಸುಮಾರು 8 ಕಿ.ಮೀ. ದೂರದ ಮೊನ್ರೆಯಾಲೆಯ ಕೆಥೆಡ್ರಲ್‌ಗೆ ಇಡಿ. 6000 ಚದರ ಮೀಟರಿಗೂ ಮಿಕ್ಕಿದ ಮೊಸಾಯಿಕ್ ಅಲ್ಲಿದೆ. ಕಪುಚಿನ್ ಸನ್ಯಾಸಿಗಳ ನೆಲಮಾಳಿಗೆಯ ಒಣಗಿದ ಶವಗಳನ್ನು ನೋಡಲೇಬೇಕೆಂದು ಹಲವರು ಹೇಳುತ್ತಾರೆ. ನನಗೆ ಒಮ್ಮೆ ಸಾಕಾಯಿತು.

ಸಂತೆಗೆ ಬಲ್ಲರೊ ಅಥವಾ ಕಾಪೊ ಒಳ್ಳೆಯದು. ಹೆಸರುವಾಸಿಯಾದ ವುಚ್ಚಿರಿಯಾ ಈಗ ಮುಖ್ಯವಾಗಿ ರಾತ್ರಿಯ ಮೋಜಿನ ಜಾಗ. ಎಂದೂ ಆಗದ ಕೆಲಸಕ್ಕೆ ಊರಿನವರು 'ವುಚ್ಚಿರಿಯಾದ ಹಾಸುಗಲ್ಲು ಒಣಗಿದಾಗ' ಎನ್ನುತ್ತಾರೆ. ಮೀನಿನವರು ಚೆಲ್ಲುವ ನೀರಿನಿಂದ ಆ ಕಲ್ಲುಗಳು ಸದಾ ಒದ್ದೆಯಿರುತ್ತಿದ್ದವು. ಇಂದು ಅವು ಹಗಲಿನಲ್ಲಿ ಬಹುತೇಕ ಒಣಗಿಯೇ ಇರುತ್ತವೆ.

ನಿಮ್ಮ ಹೊಟ್ಟೆ ತುಂಬಿಸುವುದು ಪನೆಲ್ಲೆ. ಕಡಲೆಹಿಟ್ಟನ್ನು ನೀರು, ಉಪ್ಪಿನೊಂದಿಗೆ ಗಂಟಾಗದಂತೆ ಮಗುಚುತ್ತಾ ಬೇಯಿಸಿ, ಪಾರ್ಸ್ಲಿ ಸೊಪ್ಪು ಸೇರಿಸಿ, ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸುವಷ್ಟರವರೆಗೆ ಅದು ನಮ್ಮ ಧಾರವಾಡದ ಕಡೆಯ ಜುಣಕದ ವಡಿಯೇ. ಆಮೇಲೆ ಅದನ್ನು ಎಣ್ಣೆಯಲ್ಲಿ ಕರಿಯುತ್ತಾರೆ, ಒಗ್ಗರಣೆ ಮಾತ್ರ ಇಲ್ಲ. ಎಳ್ಳು ಮೆತ್ತಿದ ಬನ್ನಿನಲ್ಲಿ ನಾಲ್ಕೈದು ಹಾಳೆಗಳನ್ನಿಟ್ಟು, ನಿಂಬೆ ಹಿಂಡಿ ಕೊಡುತ್ತಾರೆ. ನಾನು ಮೊದಲ ಸಲ ತಿಂದಾಗ ಕೈ ತಾನಾಗಿ ಹಸಿಮೆಣಸಿನಕಾಯಿ ಹುಡುಕಿತ್ತು. ಬದನೆಕಾಯಿಯನ್ನು ಕರಿದು, ಸೆಲರಿ, ಆಲಿವ್, ವಿನೆಗರ್, ಸಕ್ಕರೆ ಬೆರೆಸಿ ಮಾಡುವ ಹುಳಿಸಿಹಿಯ ಕಪೊನಾತಾ ಕೂಡ ಸಾಮಾನ್ಯವಾಗಿ ನಿಶ್ಚಿಂತೆಯಿಂದ ತಿನ್ನಬಹುದಾದದ್ದು.

ಆದರೆ ಮೋಸಹೋಗುವ ಸಂದರ್ಭಗಳೂ ಇವೆ. ಟೊಮೆಟೊ, ಈರುಳ್ಳಿ ಮಾತ್ರ ಕಾಣುವ ಸ್ಫಿಂಚೊನೆ ರೊಟ್ಟಿಯೊಳಗೆ ಆಂಚೊವಿ ಮೀನು ಕರಗಿರುತ್ತದೆ. 'ಬೆಣ್ಣೆಯದು' ಎನ್ನುವ ಅರಂಚೀನಾದಲ್ಲಿ, ಅಂದರೆ ಅನ್ನದ ಕರಿದ ಉಂಡೆಯಲ್ಲಿ, ಸಾಮಾನ್ಯವಾಗಿ ಹಂದಿಮಾಂಸದ ಚೂರುಗಳಿರುತ್ತವೆ. ಕನ್ನೋಲಿ ಎಂಬ ಸಿಹಿತಿಂಡಿಯ ಗರಿಗರಿ ಕವಚದ ಹಿಟ್ಟಿಗೆ ಹಂದಿಯ ಕೊಬ್ಬು ಹಾಕುವುದು ಹಳೆಯ ಕ್ರಮ. 'ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ, ಸೆನ್ಸಾ ಸ್ತ್ರುತ್ತೊ', ಅಂದರೆ ಮಾಂಸವಿಲ್ಲದೆ, ಮೀನಿಲ್ಲದೆ, ಕೊಬ್ಬಿಲ್ಲದೆ ಎಂಬ ಮೂರು ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳಿ.

ಇನ್ನು ಡಿಸೆಂಬರ್ 13. ಅದು ಸಂತ ಲೂಚಿಯಾಳ ಹಬ್ಬ. 1646ರ ಬರಗಾಲದಲ್ಲಿ ಅದೇ ದಿನ ಗೋಧಿಯ ಹಡಗು ಬಂತೆಂದೂ, ಹಸಿದ ಜನ ಬೀಸುವಷ್ಟು ತಾಳ್ಮೆಯಿಲ್ಲದೆ ಕಾಳನ್ನೇ ಬೇಯಿಸಿ ತಿಂದರೆಂದೂ ಪ್ರತೀತಿ. ಅದರ ನೆನಪಿಗೆ ಆ ದಿನ ಬ್ರೆಡ್ಡು, ಪಾಸ್ತಾ ಮುಟ್ಟುವುದಿಲ್ಲ. ಅಂಗಡಿಗಳ ಮುಂದೆ ಅರಂಚೀನಾಕ್ಕೆ ಸಾಲು, ಮನೆಗಳಲ್ಲಿ ಕುಚ್ಚೀಯಾ. ಹಿಂದಿನ ದಿನಗಳಿಂದಲೇ ನೆನೆಸಿದ ಇಡೀ ಗೋಧಿಯನ್ನು ಬೇಯಿಸಿ, ಕುರಿಹಾಲಿನ ರಿಕೊಟ್ಟಾ ಎಂಬ ಮೆತ್ತನೆಯ ಚೀಸ್, ಸಕ್ಕರೆ, ಚಾಕೊಲೇಟ್ ಚೂರು ಸೇರಿಸಿದ ಈ ಸಿಹಿಯನ್ನು ನೆರೆಮನೆಯ ಅಜ್ಜಿ ಬಟ್ಟಲಲ್ಲಿ ತಂದುಕೊಟ್ಟಾಗ, 'ಇದು ಗೋಧಿ ಹುಗ್ಗಿ' ಎಂದು ನಾನು ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಆ ದಿನ ಪಾಲಕ್ ತುಂಬಿದ ಅರಂಚೀನಾ ಕೇಳಿ ನೋಡಿ. ಅರಂಚೀನೊ ಎನ್ನಬೇಡಿ: ಪುಲ್ಲಿಂಗ ಸಿಸಿಲಿಯ ಇನ್ನೊಂದು ನಗರವಾದ ಕತಾನಿಯಾದವರದು, ಇಲ್ಲಿ ಅದು ಸ್ತ್ರೀಲಿಂಗ, ಈ ಜಗಳ ಬಹಳ ಗಂಭೀರವಾದದ್ದು.

ರೂಢಿಗಳ ವಿಷಯದಲ್ಲಿ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅನೇಕ ಅಂಗಡಿಗಳೂ ಚರ್ಚುಗಳೂ ಮುಚ್ಚಿರುತ್ತವೆ, ರಾತ್ರಿಯೂಟ ಎಂಟೂವರೆಗೆ ಮುಂಚೆ ಸಿಗುವುದು ಕಷ್ಟ. ಚರ್ಚಿನೊಳಗೆ ಭುಜ, ಮೊಣಕಾಲು ಮುಚ್ಚಿರಬೇಕು. ಬಿಲ್ಲಿನಲ್ಲಿ 'ಕೊಪೆರ್ತೊ' ಎಂದಿದ್ದರೆ ಅದು ಮೇಜಿನ ಶುಲ್ಕ, ಮೋಸವಲ್ಲ. ಮಾಫಿಯಾ ಬಗ್ಗೆ ತಮಾಷೆ ಮಾಡಬೇಡಿ. ನೀವು ಇಳಿಯುವ ವಿಮಾನನಿಲ್ದಾಣಕ್ಕೆ 1992ರಲ್ಲಿ ಮಾಫಿಯಾ ಕೊಂದ ನ್ಯಾಯಾಧೀಶರಾದ ಫಲ್ಕೊನೆ ಮತ್ತು ಬೊರ್ಸೆಲ್ಲಿನೊ ಅವರ ಹೆಸರಿದೆ. ಅಲ್ಲಿಂದ ನಗರಕ್ಕೆ ಬರುವಾಗ ಕಪಾಚಿಯ ಬಳಿ ಹೆದ್ದಾರಿಯ ಬದಿಯಲ್ಲಿ, ಫಲ್ಕೊನೆಯವರ ಕಾರು ಸ್ಫೋಟಗೊಂಡ ಜಾಗದಲ್ಲಿ, ಕೆಂಪು ಸ್ಮಾರಕಸ್ತಂಭ ಕಾಣಿಸುತ್ತದೆ.