ಕೆಂಪು ಚುಕ್ಕೆಯ ತಟ್ಟೆ

(ಗುರುತು ಸಿಗಬಾರದು ಅಂತ ಹೆಸರು ಮತ್ತು ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ.)

ಬೆಂಗಳೂರಿನ ಲಗ್ಗೆರೆಯಿಂದ ಮೂರು ಜನ ಬಂದಿದ್ದರು. ಗಂಡ, ಹೆಂಡತಿ, ಗಂಡನ ತಾಯಿ. ಗಂಡನಿಗೆ 41 ವರ್ಷ, ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಕಟಿಂಗ್ ಮಾಸ್ಟರ್. ಇಲ್ಲಿ ಮಂಜಣ್ಣ ಅಂತ ಇಟ್ಟುಕೊಳ್ಳೋಣ. ಶ್ವಾಸಕೋಶದ ಟಿಬಿ ಅಂತ ಗೊತ್ತಾಗಿ, ಮಾತ್ರೆ ಶುರುವಾಗಿ ಎರಡೂವರೆ ತಿಂಗಳಾಗಿತ್ತು. ಮೊದಲು 58 ಕೆಜಿ ಇದ್ದವರು 46ಕ್ಕೆ ಇಳಿದಿದ್ದರು. ಇಷ್ಟು ದಿನದ ಚಿಕಿತ್ಸೆಯ ಮೇಲೂ 46 ಚಿಲ್ಲರೆ. ಕಫದ ಪರೀಕ್ಷೆ ನೆಗೆಟಿವ್ ಬಂದಿದೆ, ಶುಗರ್ ಇಲ್ಲ, ಲಿವರ್ ಚೆನ್ನಾಗಿದೆ, ಊಟ ಮಾತ್ರ ಒಳಗೆ ಹೋಗುತ್ತಿಲ್ಲ, ಒಂದ್ಸಲ ಮಾತಾಡಿ ನೋಡಿ ಅಂತ ಡಾಕ್ಟರ್ ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಕಳಿಸಿದ್ದರು.

ತಾಯಿಯೇ ಮೊದಲು ಬಾಯಿ ಬಿಟ್ಟರು. "ಬೆಳಗ್ಗೆ ರಾಗಿ ಗಂಜಿ, ಎರಡು ಮೊಟ್ಟೆ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಭಾನುವಾರ ಕಾಲು ಸೂಪು. ಇಕ್ಕಿದ್ದು ಇಕ್ಕಿದಂಗೇ ವಾಪಸ್ ಬರ್ತದೆ ಮೇಡಂ." ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊನ್ನೆ ತರಕಾರಿ ಬ್ಯಾಗಲ್ಲಿ ಅರ್ಧ ಮುದ್ದೆ ಸಿಕ್ತು. ಪೇಪರಲ್ಲಿ ಸುತ್ತಿಟ್ಟಿದ್ರು" ಅಂದರು. ಮಂಜಣ್ಣ ನೆಲ ನೋಡುತ್ತಾ ಕೂತಿದ್ದರು. ಹಾಕಿದ್ದ ಅಂಗಿ ಮಾತ್ರ ಮೈಗೆ ಸರಿಯಾಗಿ ಕೂತಿತ್ತು. ಕೇಳಿದರೆ, ಅವರೇ ಪಕ್ಕದ ಹೊಲಿಗೆಯ ಒಳಗೆ ಇನ್ನೂ ಎರಡು ಹೊಲಿಗೆ ಹಾಕಿ ಚಿಕ್ಕದು ಮಾಡಿಕೊಂಡಿದ್ದರು.

ಅವತ್ತು ನಾನೊಂದು ತಪ್ಪು ಮಾಡಿದೆ. ದಿನಾ ಏನೇನು ತಿಂದಿರಿ ಅಂತ ಬರೆದಿಡಿ ಅಂತ ಒಂದು ಚಾರ್ಟ್ ಕೊಟ್ಟು ಕಳಿಸಿದೆ. ಊಟ ಸೇರದವರಿಗೆ ಲೆಕ್ಕದ ಪುಸ್ತಕ! ಮುಂದಿನ ವಾರ ಚಾರ್ಟ್ ತುಂಬಿ ಬಂತು, ತಾಯಿಯ ಕೈಬರಹದಲ್ಲಿ. ತೂಕ ಅಲ್ಲೇ ಇತ್ತು. ಒಂದೊಂದು ತುತ್ತಿಗೂ ಮನೆಯಲ್ಲಿ ಪೊಲೀಸ್ ಕಾವಲು ಹಾಕಿಸಿದ ಹಾಗಾಗಿತ್ತು. ಚಾರ್ಟ್ ಹರಿದು ಹಾಕಿ, ಅವರೊಬ್ಬರನ್ನೇ ಕೂರಿಸಿಕೊಂಡೆ.

"ಹಸಿವಾಗಲ್ವಾ?"

"ಆಗುತ್ತೆ ಮೇಡಂ."

"ಹೊಟ್ಟೆ ತೊಳಸುತ್ತಾ?"

"ಮೊದಲೆರಡು ತಿಂಗಳು ತೊಳಸ್ತಿತ್ತು. ಈಗ ಇಲ್ಲ."

ಅದು ಸರಿ. ಶುರುವಿನ ಎರಡು ತಿಂಗಳು ನಾಲ್ಕು ಔಷಧ ಇರುತ್ತವೆ. ಅದರಲ್ಲಿ ಪೈರಾಜಿನಮೈಡ್ ಹೊಟ್ಟೆಗೆ ಜಾಸ್ತಿ ಕಾಟ ಕೊಡುತ್ತೆ. ಉಳಿದ ನಾಲ್ಕು ತಿಂಗಳಿಗೆ ಅದನ್ನು ಬಿಟ್ಟು ಮೂರು ಕೊಡುತ್ತಾರೆ. ಹಸಿವು ವಾಪಸ್ ಬರೋದು ಸಾಮಾನ್ಯವಾಗಿ ಆಗಲೇ. ಹಾಗಾದರೆ ಮುದ್ದೆ ತರಕಾರಿ ಬ್ಯಾಗಿಗೆ ಯಾಕೆ ಹೋಯಿತು?

ಎಲ್ಲಿ ಕೂತು ಉಣ್ಣುತ್ತೀರಿ ಅಂತ ಕೇಳಿದೆ. ರೂಮಲ್ಲಿ, ಒಬ್ಬರೇ. ಮಿಕ್ಕವರು ಹಾಲ್‌ನಲ್ಲಿ, ಟಿವಿ ಮುಂದೆ. ತಟ್ಟೆ? ಸುಮ್ಮನಾದರು. ಆಮೇಲೆ ಹೇಳಿದರು. ಅವರ ಸ್ಟೀಲ್ ತಟ್ಟೆ, ಲೋಟದ ತಳಕ್ಕೆ ಕೆಂಪು ನೇಲ್ ಪಾಲಿಷ್‌ನ ಚುಕ್ಕೆ ಇಟ್ಟಿದ್ದಾರೆ, ಬೇರೆಯವುಗಳ ಜೊತೆ ಕಲೆಯಬಾರದು ಅಂತ. ಬೇರೆ ಬುಟ್ಟಿ, ಬೇರೆ ಸ್ಕ್ರಬ್ಬರ್. ಒಂದು ದಿನ ಆರು ವರ್ಷದ ಮಗಳು ಆ ಲೋಟ ಎತ್ತಿಕೊಂಡಾಗ ಅಜ್ಜಿ ಕಿರುಚಿ ಕಿತ್ತುಕೊಂಡರಂತೆ. "ಅವತ್ತಿಂದ ಆ ತಟ್ಟೆ ನೋಡಿದ್ರೆ ಗಂಟಲಲ್ಲಿ ಇಳಿಯಲ್ಲ ಮೇಡಂ. ಬಿಟ್ರೆ ಅಮ್ಮ ಅಳ್ತಾರೆ. ಅದಕ್ಕೇ ಸುತ್ತಿಡ್ತಿದ್ದೆ."

ಇದೇ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಿಂದ. ಇಡೀ ದೇಶದ ಮೊದಲ ಟಿಬಿ ಕಾರ್ಯಕ್ರಮ ರೂಪುಗೊಂಡಿದ್ದು ಅಲ್ಲಿನ ಕೆಲಸದಿಂದಲೇ. ಅದೇ ಊರಲ್ಲಿ ನಾವಿನ್ನೂ ತಟ್ಟೆಗೆ ಚುಕ್ಕೆ ಇಡುತ್ತಿದ್ದೇವೆ. ಬೈಯೋಣ ಅನಿಸಿತು. ಆದರೆ ಚುಕ್ಕೆ ಇಟ್ಟವರು ಭಯದಿಂದ ಇಟ್ಟಿದ್ದರು.

ಮೂವರನ್ನೂ ಕೂರಿಸಿ ಹೇಳಿದೆ. ಟಿಬಿ ಗಾಳಿಯಲ್ಲಿ ಹರಡುತ್ತೆ, ಕೆಮ್ಮಿದಾಗ, ಸೀನಿದಾಗ. ತಟ್ಟೆ, ಲೋಟ, ಬಟ್ಟೆ, ಹಾಸಿಗೆಯಿಂದ ಹರಡಲ್ಲ. ಮೊದಲ ದಿನವೂ ತಟ್ಟೆ ಬೇರೆ ಮಾಡಬೇಕಿರಲಿಲ್ಲ. ಸರಿಯಾದ ಮಾತ್ರೆ ತಪ್ಪದೆ ತಗೊಂಡರೆ ಕೆಲವು ವಾರಗಳಲ್ಲೇ ಹರಡೋದು ತುಂಬ ಕಡಿಮೆಯಾಗುತ್ತೆ, ಇವರ ಕಫವಂತೂ ನೆಗೆಟಿವ್ ಆಗಿದೆ. ಕಿಟಕಿ ತೆರೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ. ಮಗಳ ಬಗ್ಗೆ ಭಯವಿದ್ದರೆ ಮನೆಯವರೆಲ್ಲ ಪರೀಕ್ಷೆ ಮಾಡಿಸಿ. ಕಾಯಿಲೆ ಇಲ್ಲ ಅಂತ ಖಚಿತವಾದ ಮೇಲೆ ಬರದಂತೆ ತಡೆಯುವ ಮಾತ್ರೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತೆ. "ಮಗಳಿಗೋಸ್ಕರ ಇಟ್ಟೆ ಮೇಡಂ" ಅಂದರು ಹೆಂಡತಿ. ಮಂಜಣ್ಣ ಅವರ ಕಡೆ ತಿರುಗಿ ನೋಡಿದರು. ಚುಕ್ಕೆ ಇಟ್ಟಿದ್ದು ಅಮ್ಮ ಅಂತಲೇ ಅವರು ಅಂದುಕೊಂಡಿದ್ದರಂತೆ.

ಊಟದ ವಿಷಯಕ್ಕೆ ಬಂದೆವು. ಮೂರು ಹೊತ್ತು ಹಾಲ್‌ನಲ್ಲಿ, ಎಲ್ಲರ ಜೊತೆ, ಯಾವ ತಟ್ಟೆ ಕೈಗೆ ಸಿಕ್ಕರೆ ಅದರಲ್ಲಿ. "ಇನ್ನೊಂಚೂರು ಹಾಕ್ಕೋ" ಅನ್ನುವ ಮಾತು ಪೂರ್ತಿ ಬಂದ್. ತಾಯಿಗೆ ಇದು ಕಷ್ಟವಾಯಿತು. ಅದಕ್ಕೆ ಅವರಿಗೆ ಬೇರೆ ಕೆಲಸ ಕೊಟ್ಟೆವು. ಅವರ ಗಂಜಿ ನೀರಿನಂತೆ ತೆಳ್ಳಗಿರುತ್ತಿತ್ತು. ಅದನ್ನೇ ಹಾಲಲ್ಲಿ ಬೇಯಿಸಿ, ಹುರಿದ ಕಡಲೆಕಾಯಿ ಬೀಜದ ಪುಡಿ, ಬೆಲ್ಲ, ಒಂದು ಚಮಚ ತುಪ್ಪ ಹಾಕಿ ಗಟ್ಟಿ ಮಾಡಿಕೊಡಿ ಅಂದೆ. ಒಂದು ಟೀ ಚಮಚ ತುಪ್ಪದಲ್ಲೇ ಸುಮಾರು 45 ಕ್ಯಾಲೊರಿ ಇರುತ್ತೆ, ಹೊಟ್ಟೆಯಲ್ಲಿ ಜಾಗ ಹಿಡಿಯಲ್ಲ. ಕಾಲು ಸೂಪಿನ ಬಗ್ಗೆ ನಾನೇನೂ ಕೆಟ್ಟದ್ದು ಹೇಳಲ್ಲ, ಬಾಯಿಗೆ ರುಚಿ. ಆದರೆ ಅದು ಮುಕ್ಕಾಲು ಪಾಲು ನೀರು. ಊಟಕ್ಕೆ ಮುಂಚೆ ಲೋಟ ತುಂಬಾ ಕುಡಿದರೆ ಹೊಟ್ಟೆ ತುಂಬಿಬಿಡುತ್ತೆ. ಊಟವಾದ ಮೇಲೆ ಕೊಡಿ ಅಂದೆ.

ಈ ತೂಕಕ್ಕೆ ದಿನಕ್ಕೆ 60 ಗ್ರಾಂ ಆಸುಪಾಸು ಪ್ರೋಟೀನ್ ಬೇಕು ಅಂತ ನಮ್ಮ ಡಯಟೀಷಿಯನ್ ಲೆಕ್ಕ ಹಾಕಿದರು. ಎರಡು ಮೊಟ್ಟೆಗೆ 12, ಎರಡು ಲೋಟ ಹಾಲಿಗೆ 13, ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ 10, ಬೇಳೆ ಅಥವಾ ಹುರುಳಿಕಾಳಿನ ಸಾರಿಗೆ ಇನ್ನೊಂದು 12. ಮಿಕ್ಕಿದ್ದು ರಾಗಿ, ಅಕ್ಕಿಯಲ್ಲೇ ಬರುತ್ತೆ. ಪಕ್ಕದ ಮನೆಯವರು ಹೇಳಿದ ಸಾವಿರಾರು ರೂಪಾಯಿಯ ಪುಡಿ ಡಬ್ಬ ಬೇಡ. ದೊಡ್ಡ ಮುದ್ದೆಯ ಬದಲು ಚಿಕ್ಕದು, ಆದರೆ ದಿನಕ್ಕೆ ಆರು ಸಲ ಏನಾದರೂ. ವಾಂತಿ ಹೆಚ್ಚಾದರೆ, ಕಣ್ಣು ಹಳದಿಯಾದರೆ ಕಾಯದೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಹಾಗೇ ತೂಕ ಏರುತ್ತಿದ್ದ ಹಾಗೆ ಡಾಕ್ಟರಿಗೆ ಹೇಳಿ, ಯಾಕೆಂದರೆ ಟಿಬಿ ಮಾತ್ರೆಯ ಲೆಕ್ಕ ತೂಕದ ಮೇಲೇ ಇರೋದು.

ತೂಕದ ಬಗ್ಗೆ ಡಾಕ್ಟರಿಗೆ ಇಷ್ಟು ಆತಂಕ ಯಾಕೆ ಅಂತ ಹೆಂಡತಿ ಕೇಳಿದರು. ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳಿಗೆ ಪ್ರತಿ ತಿಂಗಳು ರೇಷನ್ ಕೊಟ್ಟು ಮಾಡಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ 5 ಶೇಕಡಾ ಏರಿದವರಲ್ಲಿ ಸಾವು ಬಹಳ ಕಡಿಮೆ ಇತ್ತು. ಮಂಜಣ್ಣನ ಲೆಕ್ಕದಲ್ಲಿ ಅದು ಎರಡು ಕೆಜಿ ಮೇಲೆ. ಇವರು ಏರಿದ್ದು ಅರ್ಧ ಕೆಜಿಯಷ್ಟೇ.

ದುಡ್ಡಿನ ಗಾಬರಿಯೂ ಇತ್ತು. ಸಂಬಳ ನಿಂತಿದೆ, ಬೇಗ ಕೆಲಸಕ್ಕೆ ಹೋಗಬೇಕು ಅಂತ. ಇ.ಎಸ್.ಐ. (ಕಾರ್ಮಿಕರ ವಿಮೆ) ಕಾರ್ಡ್ ಬ್ಯಾಗಲ್ಲೇ ಇತ್ತು! ಟಿಬಿಯಂಥ ದೀರ್ಘ ಕಾಯಿಲೆಗೆ ಅದರಲ್ಲಿ ಸಂಬಳದ 80 ಶೇಕಡಾ ಎರಡು ವರ್ಷದವರೆಗೂ ಸಿಗುವ ಸೌಲಭ್ಯ ಇದೆ. ಎರಡು ವರ್ಷ ಕೆಲಸ ಮಾಡಿರಬೇಕು, ವಿಮೆಗೆ ವಂತಿಗೆ ಕಟ್ಟಿದ ದಿನಗಳ ಲೆಕ್ಕವೂ ಕೂಡಬೇಕು. ಇವರಿಗೆ ಕೂಡುತ್ತಿತ್ತು. ಟಿಬಿ ರೋಗಿಗಳ ಊಟಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ದುಡ್ಡು ತಿಂಗಳಿಗೆ 500 ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ, ನೇರ ಬ್ಯಾಂಕಿಗೆ ಬರುತ್ತೆ. ಇವರ ಖಾತೆ ಜೋಡಣೆಯೇ ಆಗಿರಲಿಲ್ಲ. ಇಂಥವರು ಟಿಬಿ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿ ಕೇಳಬಹುದು.

ಐದು ವಾರದಲ್ಲಿ 49 ಕೆಜಿ. ಎಲ್ಲರಿಗೂ ಖುಷಿ, ಮಂಜಣ್ಣನಿಗೆ ಬಿಟ್ಟು. ಅವರು ತೂಕದ ಮಷೀನ್ ನಂಬುವ ಜಾತಿಯಲ್ಲ, ಟೇಪ್ ನಂಬುವವರು. ಜೇಬಿಂದ ಒಂದು ಚೀಟಿ ತೆಗೆದರು. "ಸೊಂಟ ಒಂದೂವರೆ ಇಂಚು ಜಾಸ್ತಿ. ತೊಡೆ, ತೋಳು ಇದ್ದಲ್ಲೇ ಇದೆ. ಮೂರನೇ ಮಹಡಿ ಹತ್ತೋಕೆ ಈಗಲೂ ನಾಲ್ಕು ಸಲ ನಿಲ್ತೀನಿ."

ಅವರ ಲೆಕ್ಕ ನಮ್ಮದಕ್ಕಿಂತ ಚೊಕ್ಕವಾಗಿತ್ತು. ತಿಂದು ಮಲಗಿದರೆ ತೂಕ ಬರುತ್ತೆ, ಶಕ್ತಿ ಬರಲ್ಲ. ಮಾಂಸಖಂಡಕ್ಕೆ ಕೆಲಸ ಕೊಟ್ಟರೆ ತಿಂದ ಪ್ರೋಟೀನ್ ಅಲ್ಲಿಗೆ ಚೆನ್ನಾಗಿ ಹೋಗುತ್ತೆ. ವ್ಯಾಯಾಮದ ಮಾತು ನಾನು ಮೊದಲೇ ಎತ್ತಬೇಕಿತ್ತು. ಡಾಕ್ಟರ್ ಒಪ್ಪಿಗೆ ತಗೊಂಡು ಸಣ್ಣದಾಗಿ ಶುರು ಮಾಡಿದೆವು. ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು, ಐದು ಸಲ, ದಿನಕ್ಕೆ ಮೂರು ಹೊತ್ತು. ಗೋಡೆಗೆ ಕೈಯಿಟ್ಟು ದಂಡ ಹೊಡೆಯೋದು. ಒಂದು ಲೀಟರ್ ನೀರಿನ ಬಾಟಲಿ ಎತ್ತೋದು. ಸಂಜೆ ಬೀದಿಯ ಕೊನೆಯವರೆಗೆ ನಡಿಗೆ. ಮಾತಾಡುತ್ತಾ ನಡೆಯಲು ಆಗದಷ್ಟು ಏದುಸಿರು ಬಂದರೆ ನಿಲ್ಲಿಸಬೇಕು. ಮಾರನೇ ದಿನವೂ ಸುಸ್ತು ಹೋಗದಿದ್ದರೆ ಜಾಸ್ತಿಯಾಯಿತು ಅಂತ ಅರ್ಥ, ಅರ್ಧಕ್ಕೆ ಇಳಿಸಬೇಕು.

ನಡಿಗೆಗೆ ಅವರು ಒಪ್ಪಲಿಲ್ಲ. "ಬೀದೀಲಿ ಸಿಕ್ಕಿದವರೆಲ್ಲ ಏನಪ್ಪಾ ಹಿಂಗೆ ಇಳಿದೋಗಿದೀಯ ಅಂತಾರೆ." ಇದಕ್ಕೆ ಉತ್ತರ ಹೇಳಿಕೊಟ್ಟು ಅಭ್ಯಾಸವನ್ನೇ ಮಾಡಿಸಿದೆ. "ಹುಷಾರಿರಲಿಲ್ಲ, ಈಗ ಪರವಾಗಿಲ್ಲ. ನಿಮ್ಮ ಮಗನಿಗೆ ಕೆಲಸ ಸಿಕ್ತಾ?" ಅಷ್ಟೇ. ಕಾಯಿಲೆಯ ಹೆಸರು ಯಾರಿಗೂ ಹೇಳಬೇಕಿಲ್ಲ. ಎರಡನೇ ವಾರದಿಂದ ಮಗಳು ಕೈ ಹಿಡಿದು ಜೊತೆಗೆ ಹೊರಟಳು. ಮಧ್ಯೆ ಒಂದು ವಾರ ನೆಗಡಿ ಜ್ವರ ಬಂದು ಒಂದು ಕೆಜಿ ಇಳಿಯಿತು. ತಾಯಿ ಮತ್ತೆ ಚಾರ್ಟ್ ಬರೆಯೋಕೆ ಕೂತರು. ಫೋನಲ್ಲಿ ನಿಲ್ಲಿಸಿದೆ. ತೂಕ ವಾರಕ್ಕೊಮ್ಮೆ ಸಾಕು, ಬೆಳಗ್ಗೆ ಏನೂ ತಿನ್ನುವ ಮುಂಚೆ, ಅದೇ ಮಷೀನಿನಲ್ಲಿ.

ಆರು ತಿಂಗಳ ಕೋರ್ಸ್ ಮುಗಿಸಿ ಕೊನೆಯ ಸಲ ಬಂದಾಗ 53 ಕೆಜಿ. ಮಹಡಿ ಹತ್ತುವಾಗ ಒಂದೇ ಕಡೆ ನಿಲ್ಲುತ್ತಾರಂತೆ, ಅದೂ ಕೈಯಲ್ಲಿ ತರಕಾರಿ ಬ್ಯಾಗ್ ಇದ್ದರೆ. ತಟ್ಟೆ ಏನಾಯಿತು ಅಂತ ಕೇಳಿದೆ. ಸ್ಕ್ರಬ್ಬರ್‌ನಲ್ಲಿ ಉಜ್ಜಿದರೂ ಚುಕ್ಕೆ ಪೂರ್ತಿ ಹೋಗಿಲ್ಲ, ಯಾರು ಉಣ್ತಾರೋ ಗೊತ್ತಿಲ್ಲ ಅಂದರು ಹೆಂಡತಿ. ಮೊದಲ ದಿನ ಹಾಕಿಕೊಂಡು ಬಂದಿದ್ದ ಅಂಗಿಯನ್ನೇ ಮಂಜಣ್ಣ ಹಾಕಿದ್ದರು. ಎದ್ದು ಹೊರಡುವಾಗ ಅದರ ಪಕ್ಕ ತಿರುಗಿಸಿ ತೋರಿಸಿದರು.

"ಒಂದು ಹೊಲಿಗೆ ಬಿಚ್ಚಿದೀನಿ ಮೇಡಂ. ಇನ್ನೊಂದು ಹಂಗೇ ಇದೆ."