ನಷ್ಟ ಯಾರ ತಲೆ ಮೇಲೆ? ಅದನ್ನು ಬರೆಯಿರಿ

ಯಾದಗಿರಿಯ ಗೆಳೆಯರೇ,

ಅಮೆರಿಕದಲ್ಲಿ ಬ್ಯಾಂಕುಗಳು ಮನೆ ಸಾಲಗಳನ್ನು ಮಾರುವ ವ್ಯವಸ್ಥೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿಯುತ್ತ ಇಂಥ ವಿಷಯ ಕನ್ನಡದಲ್ಲಿ ಬರೆಯಲು ಕೂತಿದ್ದೀರಿ, ಸಂತೋಷ. ಇಸವಿಗಳು ಸರಿ ಇವೆ, ಭಾಷೆ ಶುದ್ಧವಾಗಿದೆ. ಆದರೆ ಹೀಗೇ ಅಚ್ಚು ಹಾಕಲು ಆಗುವುದಿಲ್ಲ. ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು. ಅವೆರಡನ್ನು ಮೊದಲು ಹೇಳುತ್ತೇನೆ, ಉಳಿದದ್ದು ಆಮೇಲೆ.

ಮೊದಲ ಪ್ಯಾರಾದಲ್ಲೇ ಬರೆದಿದ್ದೀರಿ: 'ಈ ಮಾರುಕಟ್ಟೆಯ ಮೂಲಕ ವಸತಿ ಕ್ಷೇತ್ರಕ್ಕೆ ಬಂಡವಾಳ ಹರಿದುಬರುತ್ತದೆ.' ಯಾರು ಕೊಟ್ಟರು? ಯಾರು ತಗೊಂಡರು? ದುಡ್ಡು ತಾನಾಗಿ ಹರಿಯುವುದಿಲ್ಲ, ಅಲ್ವಾ? ಊರಿನ ಬ್ಯಾಂಕ್ ಒಂದು ಮನೆತನಕ್ಕೆ 30 ವರ್ಷದ ಸಾಲ ಕೊಡುತ್ತದೆ. ಆ ಸಾಲವನ್ನು ಫ್ಯಾನಿ ಮೇ ಅಥವಾ ಫ್ರೆಡ್ಡಿ ಮ್ಯಾಕ್ ಎಂಬ, ಮನೆ ಸಾಲ ಕೊಳ್ಳುವ ಸಂಸ್ಥೆಗೆ ಮಾರುತ್ತದೆ. ಕೈಗೆ ಬಂದ ರೊಕ್ಕವನ್ನು ಮುಂದಿನ ಮನೆತನಕ್ಕೆ ಕೊಡುತ್ತದೆ. ಫ್ಯಾನಿ ಮೇ ಅಂಥ ಸಾವಿರಾರು ಸಾಲ ಸೇರಿಸಿ, ಅವುಗಳ ಮೇಲೆ ಬಾಂಡ್ ಮಾಡಿ, ಪಿಂಚಣಿ ನಿಧಿಗಳಿಗೆ, ವಿಮಾ ಕಂಪನಿಗಳಿಗೆ ಮಾರುತ್ತದೆ. ಸಾಲಗಾರ ಕಟ್ಟುವ ಕಂತು ತಿಂಗಳು ತಿಂಗಳು ಅವರಿಗೆ ಹೋಗುತ್ತದೆ. ಇಷ್ಟು ಹೇಳಿದರೆ ಓದುಗನಿಗೆ ತಿಳಿಯುತ್ತದೆ. ನೀವು 1938, 1970 ಅಂತ ಎರಡೂ ಸಂಸ್ಥೆಗಳ ಹುಟ್ಟಿದ ವರ್ಷ ಕೊಟ್ಟಿದ್ದೀರಿ, ಅವು ಮಾಡುವ ಕೆಲಸ ಕೊಟ್ಟಿಲ್ಲ.

ಅದರ ಕೆಳಗೇ ಇನ್ನೊಂದು: 'ಇದರಿಂದ ಅಪಾಯ ಹಂಚಿಹೋಗುತ್ತದೆ.' ಪೆನ್ಸಿಲ್ಲಿನಲ್ಲಿ ಇದರ ಪಕ್ಕ ನಾನು ಮೂರು ಗೆರೆ ಎಳೆದಿದ್ದೇನೆ. ಯಾರ ಯಾರಿಗೆ, ಎಷ್ಟೆಷ್ಟು? ಸಾಲಗಾರ ಕಂತು ನಿಲ್ಲಿಸಿದರೆ ಬಾಂಡ್ ಕೊಂಡವನಿಗೆ ದುಡ್ಡು ಕೊಡಬೇಕಾದದ್ದು ಫ್ಯಾನಿ ಮೇ. ಆ ಗ್ಯಾರಂಟಿಗೆ ಅದು ಫೀ ತಗೊಳ್ಳುತ್ತದೆ. ಬಡ್ಡಿದರ ಏರಿದರೆ ಪೆಟ್ಟು ಬಾಂಡ್ ಕೊಂಡವನಿಗೆ. ಅಲ್ಲಿ 30 ವರ್ಷವೂ ಒಂದೇ ಬಡ್ಡಿಗೆ ಸಾಲ ಸಿಗಲು ಇದೇ ಮುಖ್ಯ ಕಾರಣ. ನಮ್ಮಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಏರಿದರೆ ಸಾಮಾನ್ಯವಾಗಿ ಸಾಲಗಾರನ ಕಂತು ಏರುತ್ತದೆ, ಇಲ್ಲವೇ ಅವಧಿ ಉದ್ದವಾಗುತ್ತದೆ. ನಿಮ್ಮ ಕೌಂಟರಿಗೆ ಬಂದು ಜನ ಜಗಳ ಆಡುವುದು ಇದಕ್ಕೇ ಅಲ್ಲವೇನ್ರಿ? ಅದೇ ಲೇಖನದಲ್ಲಿಲ್ಲ!

2008ರ ಸೆಪ್ಟೆಂಬರ್ ಬಗ್ಗೆ 'ಕೆಲವು ಸವಾಲುಗಳು ಎದುರಾದವು' ಎಂದು ದಾಟಿಬಿಟ್ಟಿದ್ದೀರಿ. ಸರ್ಕಾರ ಎರಡೂ ಸಂಸ್ಥೆಗಳನ್ನು ತನ್ನ ಹಿಡಿತಕ್ಕೆ ತಗೊಂಡಿತು. ಖಜಾನೆಯಿಂದ 18,700 ಕೋಟಿ ಡಾಲರಿಗೂ ಜಾಸ್ತಿ ಸುರಿಯಿತು. ಹಂಚಿಹೋಗಿದೆ ಎಂದುಕೊಂಡಿದ್ದ ನಷ್ಟ ಕೊನೆಗೆ ತೆರಿಗೆ ಕಟ್ಟುವವನ ತಲೆ ಮೇಲೆ ಬಂತು. ಮುಂದೆ ಆ ಸಂಸ್ಥೆಗಳಿಂದ ಸರ್ಕಾರಕ್ಕೆ ಅದಕ್ಕಿಂತ ಹೆಚ್ಚು ವಾಪಸ್ ಬಂತು, ಅದನ್ನೂ ಬರೆಯಿರಿ. ಆದರೆ 'ಸವಾಲು' ಅಂತ ಬರೆದು ಕೈ ತೊಳೆದುಕೊಳ್ಳಬೇಡಿ.

ಕಲಬುರಗಿಗೆ ಇನ್ನೂ ಗುಲ್ಬರ್ಗ ಎನ್ನುತ್ತಿದ್ದ ಕಾಲಕ್ಕೆ ನಾನು ಒಂದು ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ದಿನಾ ಗಂಜ್ ಮಾರುಕಟ್ಟೆಗೆ ಹೋಗಿ ತೊಗರಿ ದರ ತರುವುದು ನನ್ನ ಪಾಲಿನ ಕೆಲಸ. ಡೆಸ್ಕಿನಲ್ಲಿದ್ದ ಹಿರಿಯರು ಮಾತು ಕಮ್ಮಿ. 'ತೊಗರಿ ದರ ಕುಸಿತ' ಅಂತ ಬರೆದುಕೊಟ್ಟರೆ ಕನ್ನಡಕದ ಮೇಲಿಂದ ನೋಡಿ, 'ಯಾರಿಗೆ ಕುಸೀತಪ್ಪಾ? ನಿನ್ನೆ ಮಾರಿದವಗೋ, ಗೋದಾಮಿನ್ಯಾಗ ಇಟ್ಟವಗೋ?' ಎನ್ನುತ್ತಿದ್ದರು. ಉತ್ತರ ತರಲು ಮತ್ತೆ ಸೈಕಲ್ ಹತ್ತಬೇಕು. ಬಿಸಿಲು ಬೇರೆ, ನಮ್ಮೂರ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಅಡತಿ ಅಂಗಡಿಯ ಗುಮಾಸ್ತರು ನನ್ನನ್ನು ಕಂಡರೆ ನಗುತ್ತಿದ್ದರು. ಆದರೆ ಒಂದೇ ದರ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ಬರೆ ಎನ್ನುವುದನ್ನು ನಾನು ನೋಡಿದ್ದು ಆ ಎರಡನೇ ಸುತ್ತಿನಲ್ಲೇ.

ಇನ್ನು ನಿಮ್ಮ ಕೊನೆಯ ಸಾಲು: 'ಬಾಡಿಗೆದಾರರಿಗೂ ಇದರಿಂದ ಅನುಕೂಲ.' ಮುಗೀತು! ಮನೆ ಇರುವವರಿಗೆ ನಾಲ್ಕು ಪುಟ, ಬಾಡಿಗೆಯವರಿಗೆ ನಾಲ್ಕು ಪದಗಳೂ ಇಲ್ಲ. ಹೇಗೆ ಅನುಕೂಲ? ಫ್ಯಾನಿ, ಫ್ರೆಡ್ಡಿ ಎರಡೂ ಐದು ಅಥವಾ ಹೆಚ್ಚು ಮನೆಗಳಿರುವ ಬಾಡಿಗೆ ಕಟ್ಟಡಗಳ ಸಾಲವನ್ನೂ ಕೊಳ್ಳುತ್ತವೆ. ಇಲ್ಲಿ ಕಂತು ಕಟ್ಟುವುದು ಬಾಡಿಗೆ ಹಣದಿಂದ. 1988ರಿಂದ ಫ್ಯಾನಿ ಮೇ ಒಂದು ಪದ್ಧತಿ ಇಟ್ಟಿದೆ: ಸಾಲ ಕೊಟ್ಟು ಮಾರಿದವನೂ ನಷ್ಟದಲ್ಲಿ ಒಂದು ಪಾಲು, ಸಾಮಾನ್ಯವಾಗಿ ಮೂರನೇ ಒಂದು ಭಾಗ, ಹೊರಬೇಕು. ಹಾಗಾಗಿ ಅವನು ಆ ಕಟ್ಟಡಕ್ಕೆ ನಿಜಕ್ಕೂ ಎಷ್ಟು ಬಾಡಿಗೆ ಬರುತ್ತದೆ ಎಂದು ಲೆಕ್ಕ ಹಾಕಿಯೇ ಸಹಿ ಮಾಡುತ್ತಾನೆ.

ಸಾಲ ಅಗ್ಗವಾದ ಮಾತ್ರಕ್ಕೆ ಬಾಡಿಗೆ ಇಳಿಯುವುದಿಲ್ಲ, ಇದನ್ನೂ ಹೇಳಬೇಕು. ಉಳಿದ ದುಡ್ಡನ್ನು ಮಾಲೀಕ ಜೇಬಿಗೆ ಹಾಕಿಕೊಳ್ಳಬಹುದು. ಅದಕ್ಕೇ 1986ರ ತೆರಿಗೆ ಕಾನೂನು ಬೇಕಾಯಿತು: ಕಡಿಮೆ ಆದಾಯದವರಿಗೆ ಮನೆ ಕಟ್ಟಿಸಿ, ಬಾಡಿಗೆಯನ್ನು ಮಿತಿಯೊಳಗೆ ಇಟ್ಟರೆ ತೆರಿಗೆಯಲ್ಲಿ ರಿಯಾಯಿತಿ. ಅಂಥ ಕಟ್ಟಡಗಳ ಸಾಲವನ್ನೂ ಈ ಸಂಸ್ಥೆಗಳು ಕೊಂಡಾಗ ಎರಡೂ ಕೈ ಸೇರುತ್ತವೆ. ಕಲಬುರಗಿಯಲ್ಲಿ ಓದಲು ಬಂದ ಹುಡುಗರಿಗೆ ಕೊಡಲು ಮೇಲೆ ಎರಡು ರೂಮ್ ಎಬ್ಬಿಸುವ ಮೇಷ್ಟ್ರು ಸಾಲ ತರುವುದು ಹೆಚ್ಚಾಗಿ ತಮ್ಮ ಸಂಬಳದ ಚೀಟಿ ತೋರಿಸಿ. ಅಲ್ಲಿ ಬಾಡಿಗೆ ನೋಡಿ ಸಾಲ, ಇಲ್ಲಿ ಸಂಬಳ ನೋಡಿ ಸಾಲ: ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಿಮ್ಮ ಲೇಖನ ಅಲ್ಲಿಂದಲೇ ಶುರುವಾಗಬಹುದು.

ಭಾರತದ ಭಾಗ ಈಗ ಎರಡೇ ಸಾಲು ಇದೆ. 2000ದಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಇಂಥ ಮೊದಲ ಬಾಂಡ್ ತಂದದ್ದನ್ನು ಹೇಳಿ ನಿಲ್ಲಿಸಿದ್ದೀರಿ. 2021ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮನೆ ಸಾಲಗಳನ್ನು ಬಾಂಡ್ ಮಾಡಿ ಮಾರುವವರು ಶೇ 5ರಷ್ಟನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕು. ಅದನ್ನು ಸೇರಿಸಿ. ಸಾಲ ಮಾರಿದ ಮೇಲೂ ಗಿರಾಕಿ ಸಾಮಾನ್ಯವಾಗಿ ಹಳೆಯ ಕಡೆಗೇ ಕಂತು ಕಟ್ಟುತ್ತಾನೆ, ಎಷ್ಟೋ ಮಂದಿಗೆ ಮಾರಿದ್ದೇ ಗೊತ್ತಿರುವುದಿಲ್ಲ. ಈ ಕೆಲಸ ನೀವು ಒಳಗೆ ಕೂತು ನೋಡಿದ್ದೀರಿ, ನಾನು ನೋಡಿಲ್ಲ. ಗಿರಾಕಿಯ ಹೆಸರು ಬೇಡ, ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ ಎಂಬುದನ್ನು ಬರೆದು ಕಳಿಸಿ. ಪುಟ ಜಾಸ್ತಿ ಆದರೂ ಪರವಾಗಿಲ್ಲ.